ಎಷ್ಟ್ ಮಂದಿ ಕುಂದರ್ತಾರ?

ಬೀದರಿನ ಮಗ್ಗುಲಿನ ನಮ್ಮ ಅಷ್ಟೂರಿನಲ್ಲಿ ಯಾರಾದರೂ ಹೊಸ ಗಾಡಿ ತಂದರೆ ಊರು ಎರಡೇ ಪ್ರಶ್ನೆ ಕೇಳುತ್ತದೆ. ಮೊದಲನೆಯದು, ‘ಎಷ್ಟ್ ಕೊಡ್ತದ?’ ಎಮ್ಮೆ ಕೊಂಡು ತಂದರೂ ಇದೇ ಪ್ರಶ್ನೆ. ಅಲ್ಲಿ ಹಾಲಿನ ಲೀಟರು, ಇಲ್ಲಿ ಪೆಟ್ರೋಲಿನ ಲೀಟರು. ಎರಡನೆಯದು, ‘ಎಷ್ಟ್ ಮಂದಿ ಕುಂದರ್ತಾರ?’ ಆರ್‌ಸಿ ಕಾರ್ಡಿನಲ್ಲಿ ಇದಕ್ಕೊಂದು ಸಂಖ್ಯೆ ಅಚ್ಚಾಗಿರುತ್ತದೆ. ಅದು ಸರಕಾರದ ಅಭಿಪ್ರಾಯ; ಊರಿನ ಅಭಿಪ್ರಾಯ ಯಾವಾಗಲೂ ಅದರ ಎರಡು ಪಟ್ಟು.

ಬೀದರಿನ ಷೋರೂಮಿಗೆ ಹೋದರೆ ಟೈ ಕಟ್ಟಿದ ಹುಡುಗ ‘ನಿಮಗ ಯಾವ್ದು ಪಸಂದ್ ಅದ ಸರ್?’ ಎಂದು ಬಹಳ ಮರ್ಯಾದೆಯಿಂದ ಕೇಳುತ್ತಾನೆ. ನನಗೆ ಅವನ ಬಗ್ಗೆ ಅಯ್ಯೋ ಅನಿಸುತ್ತದೆ. ನಮ್ಮ ಕಡೆ ಗಾಡಿ ಓಡಿಸುವವನ ಪಸಂದಿಗೆ ಬೆಲೆ ಎಲ್ಲಿದೆ? ಗಾಡಿಯನ್ನು ಆರಿಸುವವರು ಹಿಂದೆ ಕೂಡುವವರು, ನೋಡುವವರು, ಎರವಲು ಕೇಳುವವರು. ಮುಂದೆ ಕೂತವನು ಕಂತು ಕಟ್ಟುತ್ತಾನೆ.

ಗಾಡಿಯ ಹುಚ್ಚು ನಮ್ಮ ನೆಲಕ್ಕೆ ಹೊಸದಲ್ಲ. 1470ರ ಆಸುಪಾಸಿನಲ್ಲಿ, ಬೀದರ ಬಹಮನಿಗಳ ರಾಜಧಾನಿಯಾಗಿದ್ದಾಗ, ಅಫನಾಸಿ ನಿಕಿತಿನ್ ಎಂಬ ರಷ್ಯದ ವ್ಯಾಪಾರಿ ಒಂದೇ ಒಂದು ಗಂಡು ಕುದುರೆ ಹಿಡಿದುಕೊಂಡು ಸಮುದ್ರ ದಾಟಿ ಬಂದ. ದಾರಿಯಲ್ಲಿ ಜುನ್ನರಿನ ಖಾನ ಆ ಕುದುರೆಯನ್ನು ಕಸಿದುಕೊಂಡ. ಹೇಗೋ ಬಿಡಿಸಿಕೊಂಡು ಬೀದರಿಗೆ ತಂದು ಮಾರುವಷ್ಟರಲ್ಲಿ ವರ್ಷವಿಡೀ ಮೇವು ಹಾಕಿ ಹೈರಾಣಾಗಿದ್ದ. ಆ ಖರ್ಚಿನ ಲೆಕ್ಕವನ್ನೂ ಬರೆದಿಟ್ಟಿದ್ದಾನೆ. ಆಳಂದದ ಜಾತ್ರೆಗೆ 20 ಸಾವಿರ ಕುದುರೆಗಳು ಮಾರಾಟಕ್ಕೆ ಬರುತ್ತವೆ ಎಂದೂ ಬರೆದ. ಬೀದರಿನ ಅಮೀರರು ಬೆಳ್ಳಿಯ ಮಂಚದ ಮೇಲೆ ಹೊರಡುತ್ತಾರೆ, ಮುಂದೆ ಚಿನ್ನದ ಸಾಜು ಹಾಕಿದ 20 ಕುದುರೆ, ಹಿಂದೆ 300 ಸವಾರರು, 500 ಕಾಲಾಳು, ಕಹಳೆಯವರು ಬೇರೆ ಎಂದು ಬೆರಗಾದ. ನಿಕಿತಿನ್ ಈಗ ಚುನಾವಣೆಯ ಹೊತ್ತಿಗೆ ಬಂದರೆ ಬೆರಗಾಗುವ ಕಾರಣವಿಲ್ಲ. ಬೆಳ್ಳಿ ಮಂಚದ ಜಾಗದಲ್ಲಿ ಬಿಳಿ ಫಾರ್ಚೂನರ್ ಬಂದಿದೆ, ಸೀಟಿಗೆ ಬಿಳಿ ಟವೆಲ್ ಹಾಸಿದೆ. ಕಹಳೆಯ ಕೆಲಸವನ್ನು ಹಾರ್ನು ಮಾಡುತ್ತದೆ. ಹಿಂದಿನ ಜನ ಮಾತ್ರ ಅಷ್ಟೇ ಇದ್ದಾರೆ.

ನಮ್ಮ ಮನೆಯ ಅಮೀರಿಕೆ ಎರಡು ಎತ್ತುಗಳದು. ಮುತ್ಯಾ ದೇವಣಿ ತಳಿ ಬಿಟ್ಟು ಬೇರೆಯದನ್ನು ಮುಟ್ಟಿದವನಲ್ಲ. ದೇವಣಿಯಲ್ಲಿ ಮೂರು ಬಗೆ: ಬಿಳಿ ಮೈಗೆ ಕರಿ ಮುಖದ ವಾನ್ನೇರ, ಮೈಮೇಲೆಲ್ಲ ಕರಿ ಮಚ್ಚೆಯ ಶೇವರಾ, ಬಹುಪಾಲು ಬಿಳಿಯೇ ಆದ ಬಾಲಂಕ್ಯಾ. ಸಂತೆಯಲ್ಲಿ ಮುತ್ಯಾ ಹಲ್ಲು ನೋಡುತ್ತಿದ್ದ, ಸುಳಿ ನೋಡುತ್ತಿದ್ದ, ನಡಿಗೆ ನೋಡುತ್ತಿದ್ದ. ನಾವು ಮನೆಗೆ ಸೊಸೆ ತರುವಾಗಲೂ ಅಷ್ಟು ವಿಚಾರ ಮಾಡಿದ್ದಿಲ್ಲ. ತೊಗರಿ ಚೀಲ ಹೇರಿಕೊಂಡು ಬೀದರಿನ ಗಂಜ್ ಬಜಾರಿಗೆ ಹೋದ ಬಂಡಿ, ಬರುವಾಗ ಮಂದಿ ಹೇರಿಕೊಂಡು ಬರುತ್ತಿತ್ತು. ದಾರಿಯಲ್ಲಿ ಚೌಖಂಡಿ ಗೋರಿಯ ಹತ್ತಿರ ನಿಂತವರು ಕೈ ಮಾಡುವುದೇ ಬೇಡ, ಎತ್ತುಗಳೇ ನಿಲ್ಲುತ್ತಿದ್ದವು.

ಅಪ್ಪ ಸಾಲೆ ಮಾಸ್ತರ. ಅವನು ಲೂನಾ ತಂದ. ಕೈನೆಟಿಕ್‌ನವರು 1972ರಲ್ಲಿ ಹೊರತಂದ ಆ ಮೊಪೆಡ್ಡಿಗೆ ಸೈಕಲ್ಲಿನಂತೆ ಪೆಡಲ್ ಇದ್ದವು. ಮಾಸ್ತರ ಮನುಷ್ಯನಿಗೆ ಅದೇ ಧೈರ್ಯ: ಎಣ್ಣೆ ಮುಗಿದರೂ ತುಳಿದು ಮನೆ ಮುಟ್ಟಬಹುದು, ತಿಂಗಳ ಕೊನೆಯ ವಾರ ಪೂರ್ತಿ ತುಳಿಯಬಹುದು. ಕಾಕಾನ ದಾರಿ ಬೇರೆ. ಅವನಿಗೆ ಕನ್ಯಾ ನೋಡುತ್ತಿದ್ದರು. ಧರ್ಮೇಂದ್ರ ಜಾಹೀರಾತಿನಲ್ಲಿ ಹತ್ತಿದ್ದು ರಾಜದೂತ್. ಆದ್ದರಿಂದ ರಾಜದೂತ್ ಬಂತು. ಅದರ ಫಟಫಟಿ ಸಪ್ಪಳ ಊರಿಗಿಂತ ಮೊದಲು ಬೀಗರ ಮನೆ ಮುಟ್ಟುತ್ತಿತ್ತು. ಮದುವೆಯಾದ ಮೇಲೆ ಅದೇ ರಾಜದೂತ್‌ನ ಎರಡೂ ಮಗ್ಗುಲಿಗೆ ಹಾಲಿನ ಕ್ಯಾನು ಬಿದ್ದವು. ಧರ್ಮೇಂದ್ರನ ಕಥೆ ಅಲ್ಲಿಗೆ ಮುಗಿಯಿತು.

ಆಗ ಬಜಾಜ್ ಚೇತಕ್ ಬೇಕೆಂದರೆ ದುಡ್ಡಿದ್ದರೆ ಸಾಲದು, ಆಯುಷ್ಯವೂ ಬೇಕು. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ನಮ್ಮ ಓಣಿಯ ಗುಮಾಸ್ತರೊಬ್ಬರು ಬುಕ್ ಮಾಡಿದಾಗ ಅವರಿಗೆ ಲಗ್ನವಾಗಿರಲಿಲ್ಲ. ಸ್ಕೂಟರ್ ಬಂದಾಗ ಮುಂದೆ ಹ್ಯಾಂಡಲ್ ಹಿಡಿದು ನಿಲ್ಲಲು ಮಗ ತಯಾರಿದ್ದ. ಕಾಯಲಾರದ ನಮ್ಮ ಮಾಮಾ ಹೈದರಾಬಾದಿನ ಆಲ್ವಿನ್ ಕಂಪನಿಯ ಪುಷ್ಪಕ್ ತಂದರು. ಎಷ್ಟು ಜನ ಹತ್ತಿದರೂ ಪುಷ್ಪಕ ವಿಮಾನದಲ್ಲಿ ಇನ್ನೊಬ್ಬರಿಗೆ ಜಾಗ ಇರುತ್ತದೆ ಎಂದು ಪುರಾಣ ಹೇಳುವವರು ಹೇಳುತ್ತಾರಲ್ಲ, ಮಾಮಾ ಅದನ್ನು ಕಂಪನಿಯ ಗ್ಯಾರಂಟಿ ಎಂದೇ ನಂಬಿದ್ದರು. ಇಬ್ಬರು ಮಕ್ಕಳು ಮುಂದೆ, ಮಾಮಿ ಹಿಂದೆ, ಮಾಮಿಯ ತೊಡೆಯ ಮೇಲೆ ಮೂರನೆಯದು, ಸ್ಟೆಪ್ನಿಯ ಮೇಲೆ ಚೀಲ. ದಾರಿಯಲ್ಲಿ ಪರಿಚಯದವರು ಸಿಕ್ಕರೆ ಅಷ್ಟರ ಮೇಲೂ ನಿಲ್ಲಿಸಿ ‘ಬರ್ತೀರೇನು?’ ಎಂದು ಕೇಳುತ್ತಿದ್ದರು.

1985ರಲ್ಲಿ ಹೀರೋ ಹೊಂಡಾ ಬಂದು ‘ಎಷ್ಟ್ ಕೊಡ್ತದ’ ಎಂಬ ಪ್ರಶ್ನೆಗೆ ಎಲ್ಲರ ಬಾಯಿ ಮುಚ್ಚಿಸಿತು. ಅದರ ಜೊತೆ ಇನ್ನೊಂದು ರೋಗವೂ ಬಂತು. ಗಂಡಿನ ಕಡೆಯವರು ಬಂಗಾರದ ಮಾತು ಮುಗಿಸಿ ಗಾಡಿಯ ಮಾತು ತೆಗೆಯತೊಡಗಿದರು. ಹೆಣ್ಣಿನ ಅಪ್ಪ ಹೊಲದ ಬದು ನೋಡುತ್ತ ಮಾಡೆಲ್ಲಿನ ಹೆಸರು ಕೇಳುತ್ತಿದ್ದ. ಹತ್ತುವವನ ದುಡ್ಡಲ್ಲ, ಕೊಟ್ಟವನು ಹತ್ತುವುದಿಲ್ಲ; ಹಿಂದೆ ಕೂಡುವ ಹುಡುಗಿಯನ್ನಂತೂ ಯಾವ ಬಣ್ಣವೆಂದೂ ಯಾರೂ ಕೇಳುತ್ತಿರಲಿಲ್ಲ. ಎಷ್ಟೋ ಅಪ್ಪಂದಿರು ಅಳಿಯನ ಫಟಫಟಿ ಓಣಿ ತಿರುಗಿದಾಗ ತಮ್ಮ ಎರಡೆಕರೆ ಸದ್ದು ಮಾಡಿಕೊಂಡು ಹೋದದ್ದನ್ನು ಕೇಳಿದ್ದಾರೆ.

ಗಾಡಿ ಇಲ್ಲದವರಿಗೆ ಕ್ರೂಸರ್ ಜೀಪು ಮತ್ತು ಟಂಟಂ ಆಟೊ ಇದ್ದವು. ಭಾಲ್ಕಿ, ಔರಾದ ರಸ್ತೆಗಳಲ್ಲಿ ಕ್ರೂಸರ್ ತುಂಬಿತೆಂದು ಹೇಳಿದವರನ್ನು ನಾನು ನೋಡಿಲ್ಲ. ಡ್ರೈವರ್ ತನ್ನ ಸೀಟನ್ನೂ ಅರ್ಧ ಬಿಟ್ಟುಕೊಟ್ಟು, ಒಂದು ಕಾಲು ಹೊರಗೆ ಚಾಚಿ, ‘ಸ್ವಲ್ಪ ಸರೀರಿ ಅಕ್ಕಾ, ಇನ್ನೊಬ್ಬರು ಬರಲತ್ತಾರ’ ಅನ್ನುತ್ತಿದ್ದ. ಅಕ್ಕಂದಿರು 2023ರ ಜೂನ್‌ನಲ್ಲಿ ಸರಿದೇಬಿಟ್ಟರು, ಸೀದಾ ಸರಕಾರಿ ಬಸ್ಸಿಗೆ. ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಲ್ಲದ ಮೇಲೆ ನಮ್ಮ ವೈನಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸೇ ಸ್ವಂತ ಗಾಡಿ. ಅಣ್ಣನ ಬೈಕಿನ ಹಿಂದೆ ಕೂಡಬೇಕೆಂದರೆ ಈಗ ಅವನೇ ಬೇಡಿಕೊಳ್ಳಬೇಕು.

ಅಷ್ಟೂರಿನ ಮೇಲೆ ಹಾರುವ ಗಾಡಿಗಳೂ ಉಂಟು. ವಾಯುಪಡೆಯ ತರಬೇತಿ ನೆಲೆ ಬೀದರಿನಲ್ಲೇ ಇದೆ. ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದೂ ಇಲ್ಲೇ. ನಮ್ಮೂರಿನ ಬಹಮನಿ ಗುಂಬಜುಗಳ ಮೇಲೆ ವಿಮಾನ ಹಾದರೆ ಆಯಿ ಕೆಲಸ ಬಿಟ್ಟು ಕತ್ತೆತ್ತುತ್ತಿದ್ದಳು. ಒಮ್ಮೆ ಕೇಳಿದಳು, ‘ಅದ್ರಾಗ ಎಷ್ಟ್ ಮಂದಿ ಕುಂದರ್ತಾರ?’ ‘ಇಬ್ಬರೇ’ ಅಂದೆ. ‘ಇಬ್ಬರ ಸಲುವಾಗಿ ಇಷ್ಟ್ ಸಪ್ಪಳ?’ ಎಂದು ಮತ್ತೆ ಶೇಂಗಾ ಸುಲಿಯತೊಡಗಿದಳು. ಅವಳ ಮಟ್ಟಿಗೆ ಆ ಗಾಡಿ ಫೇಲು.

ನಮ್ಮ ಗಾಡಿಗಳ ನಿಜವಾದ ಪರೀಕ್ಷೆ ಎಳ್ಳಮಾವಾಸ್ಯೆಗೆ. ಅವತ್ತು ಬೀದರ ಪೇಟೆ ಖಾಲಿ, ಹೊಲ ಭರ್ತಿ. ಭಜ್ಜಿಯ ಪಾತೇಲಿ, ಸಜ್ಜಿ ರೊಟ್ಟಿಯ ಗಂಟು, ಅಂಬಲಿಯ ಗಡಿಗೆ, ಮುದುಕರು, ಮಕ್ಕಳು, ಹೈದರಾಬಾದಿನಿಂದ ಬಂದ ಬೀಗರು, ಇಷ್ಟನ್ನೂ ಹೊಲ ಮುಟ್ಟಿಸಬೇಕು. ಲಕ್ಷಗಟ್ಟಲೆ ಸುರಿದು ತಂದ ಕಾರು ಕರಿ ಮಣ್ಣಿನ ದಾರಿಯಲ್ಲಿ ಹೊಟ್ಟೆ ತಾಗಿ ನಿಂತರೆ, ಟ್ರ್ಯಾಕ್ಟರ್ ಬಂದು ಹಗ್ಗ ಕಟ್ಟಿ ಎಳೆಯುತ್ತದೆ. ಟ್ರಾಲಿಯಲ್ಲಿ ಕೂತ ಮಂದಿ ಕಾರಿನವರನ್ನು ನೋಡುವ ನೋಟದಲ್ಲಿ ದಯೆ ಇರುತ್ತದೆ, ಸ್ವಲ್ಪ ಸಂತೋಷವೂ.

ಇನ್ನು ಜಾತ್ರೆ. ಹೋಳಿ ಕಳೆದ ಮೇಲೆ, 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಉರುಸು ನಮ್ಮೂರಲ್ಲಿ ಪಂಚಾಂಗ ನೋಡಿ ನಡೆಯುತ್ತದೆ. ಮುಸ್ಲಿಮರಿಗೆ ಅವನು ವಲಿ, ಹಿಂದೂಗಳಿಗೆ ಅಲ್ಲಮಪ್ರಭು. ಆಗ ಬರುವ ಗಾಡಿಗಳಲ್ಲಿ ಕೆಎ 38 ಬೀದರಿನವು, ಕೆಎ 39 ಭಾಲ್ಕಿಯವು, ಗಡಿಯಾಚೆಯ ಮಹಾರಾಷ್ಟ್ರ, ತೆಲಂಗಾಣದವು. ಒಂದರ ಗಾಜಿನ ಮೇಲೆ ಬಸವಣ್ಣ, ಒಂದರ ಮೇಲೆ ಜೈ ಭೀಮ್, ಒಂದರ ಮೇಲೆ ಖ್ವಾಜಾ ಗರೀಬ್ ನವಾಜ್. ಎಲ್ಲವೂ ಒಂದೇ ಹೊಲದಲ್ಲಿ ಪಾರ್ಕಿಂಗ್. ಆದರೆ ಜಾತ್ರೆಯ ದೊಡ್ಡ ಅತಿಥಿ, ಆಳಂದದ ಕಡೆಯ ಮಾಡ್ಯಾಳದ ಜಂಗಮರು, ಶಿಷ್ಯರೊಂದಿಗೆ ನಡೆದುಕೊಂಡೇ ಬರುತ್ತಾರೆ. ಅವರು ಬಂದು ಶಂಖ ಊದಿ ಹೂವು ಏರಿಸಬೇಕು. ಅವರು ಬರುವಾಗ ಫಾರ್ಚೂನರ್ ಸಹ ಬದಿಗೆ ಸರಿಯುತ್ತದೆ. ಒಂದು ಕಾಲಕ್ಕೆ 20 ಸಾವಿರ ಕುದುರೆ ಮಾರಿದ ನಾಡಿನಿಂದ ಒಬ್ಬರು ಕಾಲ್ನಡಿಗೆಯಲ್ಲಿ ಬರುವುದನ್ನು ನೋಡಿದಾಗ, ಹಿಂದೆ ನಡೆಯುವ ಮಂದಿ ಇದ್ದರೆ ಸೀಟಿನ ಚಿಂತೆಯೇ ಇಲ್ಲ ಅನಿಸುತ್ತದೆ.

ನಮ್ಮ ಹಿಂದೆ ಈಗ ಅಷ್ಟು ಮಂದಿ ಇಲ್ಲ. ಬಂಡಿ ಒಂದಿದ್ದಾಗ ಮನೆ ತುಂಬ ಜನ. ಈಗ ಅಂಗಳದಲ್ಲಿ ಗಾಡಿಗಳೇ ಜಾಸ್ತಿ, ಒಂದೊಂದರಲ್ಲೂ ಒಬ್ಬೊಬ್ಬರೇ ಹೊರಡುತ್ತೇವೆ. ಪುಣೆಯಲ್ಲಿರುವ ಮಗ ಕಾರು ಕೊಡಿಸುತ್ತೇನೆಂದು ಫೋನು ಮಾಡಿದ್ದ. ‘ಅಪ್ಪಾ, ನೀವು ಇಬ್ಬರೇ ಇರ್ತೀರಿ. ಸಣ್ಣದು, ಕರೆಂಟಿಂದು ತಗೋರಿ, ಚಾರ್ಜ್ ಮಾಡಿದ್ರ ಆಯ್ತು.’ ಅವನ ಅವ್ವ ಫೋನು ಕಸಿದುಕೊಂಡಳು. ‘ಏಳ್ ಸೀಟಿಂದು ನೋಡು ತಮ್ಮಾ.’ ಐವರು ಎಲ್ಲಿಂದ ಬರುತ್ತಾರೆಂದು ಅವನು ಲೆಕ್ಕ ಕೇಳಿದ. ‘ಗಾಡಿ ಬರ್ಲಿ, ಮಂದಿ ಬರ್ತಾರ’ ಎಂದು ಫೋನು ಇಟ್ಟಳು.

ಅವಳ ಮಾತೇ ಸರಿ ಎಂದು ತೋರುತ್ತದೆ. ಕಾರು ಇನ್ನೂ ಬುಕ್ ಆಗಿಲ್ಲ. ಭಾಲ್ಕಿಯ ಬೀಗರು ನಿನ್ನೆಯೇ ಫೋನು ಮಾಡಿ, ವೈಶಾಖದಲ್ಲಿ ಮೂರು ಲಗ್ನ ಇವೆ, ಆ ದಿನಗಳಲ್ಲಿ ಬೇರೆ ಯಾರಿಗೂ ಕೊಡಬೇಡಿರಿ ಎಂದು ಹೇಳಿಟ್ಟಿದ್ದಾರೆ.