ಲಗಾಮು ಬಿಟ್ಟು ಕೂರೋದು

ಡ್ರೆಸೇಜ್ ಅಂದ್ರೆ ಕುದುರೆ ಕುಣಿಸೋದು ಅಂದ್ಕೊಂಡಿರೋರೇ ಜಾಸ್ತಿ. ನಿಜಕ್ಕೂ ಮೊದಲು ಪಳಗಬೇಕಾದ್ದು ಸವಾರನ ಮೈ! ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ನೇರಕ್ಕಿರಬೇಕು. ಹಗಲೆಲ್ಲ ಕಂಪ್ಯೂಟರ್ ಮುಂದೆ ಬೆನ್ನು ಬಗ್ಗಿಸಿ ಕೂರೋ ನನ್ನಂಥವರಿಗೆ ಅದೇ ಕಷ್ಟ.

ಭಾನುವಾರದ ಕ್ಲಾಸಲ್ಲಿ ಮೇಷ್ಟ್ರು ಕಾಲಿಡೋ ಸ್ಟಿರಪ್ಪನ್ನೂ ಲಗಾಮನ್ನೂ ಬಿಡಿಸಿ, ಉದ್ದ ಹಗ್ಗದಲ್ಲಿ ಕುದುರೇನ ಸುತ್ತು ಹಾಕಿಸ್ತಾರೆ. ಭಯಕ್ಕೆ ತೊಡೆ ಬಿಗಿಯುತ್ತೆ. ಬಿಗಿದಷ್ಟೂ ಕುಲುಕಾಟ ಜಾಸ್ತಿ. ಉಸಿರು ಬಿಟ್ಟು ಸಡಿಲವಾದ್ರೆ ಕುದುರೆಯ ಬೆನ್ನೂ ಸಡಿಲವಾಗುತ್ತೆ.

ಡೆನ್ಮಾರ್ಕಿನ ಲಿಸ್ ಹಾರ್ಟೆಲ್‌ಗೆ ಪೋಲಿಯೋದಿಂದ ಮೊಣಕಾಲ ಕೆಳಗೆ ಸ್ವಾಧೀನ ಇರಲಿಲ್ಲ. ಕುದುರೆ ಹತ್ತಿಸೋಕೂ ಜನ ಬೇಕಿತ್ತು. ಆದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಬೆಳ್ಳಿ, 1956ರಲ್ಲಿ ಮತ್ತೆ ಬೆಳ್ಳಿ! ಹಿಮ್ಮಡಿ ಒತ್ತಲಾಗದವರು ಬೆನ್ನು ಮತ್ತು ಮೈಭಾರದಿಂದಲೇ ಕುದುರೆ ಜತೆ ಮಾತಾಡಿದ್ರು.

ನನ್ನ ತೊಡೆ ಇನ್ನೂ ಬಿಗೀತಾನೇ ಇದೆ. ಮುಂದಿನ ಭಾನುವಾರ ನೋಡೋಣ... :)