ಅತ್ತಿಗೆ ಕೇಳುತ್ತಿದ್ದ ‘ಸ್ಟೇ’

2008ರ ಆರಂಭ. ಡೊಂಬಿವಲಿಯಲ್ಲಿ ಹೋಟೆಲು ನಡೆಸುತ್ತಿದ್ದ ಅಣ್ಣನಿಗೆ ಶ್ವಾಸಕೋಶದ ಕ್ಯಾನ್ಸರ್. ಡಾಕ್ಟರು ಎರ್ಲೋಟಿನಿಬ್ ಮಾತ್ರೆ ಬರೆದರು, ದಿನಕ್ಕೊಂದು. ಪೇಟೆಂಟ್ ಹಿಡಿದಿದ್ದ ರೋಶ್ ಕಂಪನಿಯ ಮಾತ್ರೆಗೆ ಸುಮಾರು 4,800 ರೂಪಾಯಿ. ನಮ್ಮ ಮುಂಬಯಿಯ ಸಿಪ್ಲಾದ್ದು 1,600. ತಿಂಗಳಿಗೆ 48,000 ಆಯಿತು. ಅತ್ತಿಗೆ ಬಳೆ ಮಾರಿದರು.

ಅಷ್ಟರಲ್ಲಿ ಸಿಪ್ಲಾ ಮಾತ್ರೆಯ ಮಾರಾಟ ನಿಲ್ಲಿಸಬೇಕೆಂದು ರೋಶ್ ದೆಹಲಿ ಹೈಕೋರ್ಟಿನಲ್ಲಿ ಮಧ್ಯಂತರ ತಡೆಯಾಜ್ಞೆ ಕೇಳಿತು. ನಾನು ಫೋರ್ಟಿನ ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತ. ಮೇಲ್ನೋಟಕ್ಕೆ ಬಲವಾದ ಕೇಸು, ಯಾರಿಗೆ ಹೆಚ್ಚು ತೊಂದರೆ, ತುಂಬಲಾರದ ನಷ್ಟ: ಇಂಥ ಅರ್ಜಿಗಳ ಈ ಮೂರು ಮಾತುಗಳನ್ನು ಎಷ್ಟು ಸಲ ಟೈಪು ಮಾಡಿದ್ದೆನೋ! ದಿನಾ ಸಂಜೆ ಅತ್ತಿಗೆ ಫೋನಿನಲ್ಲಿ “ಸ್ಟೇ ಬಂತಾ?” ಎಂದು ಕೇಳತೊಡಗಿದಾಗಲೇ ಅವುಗಳ ಅರ್ಥ ತಿಳಿದದ್ದು.

ಮಾರ್ಚ್ 19ರಂದು ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ (ಹುಟ್ಟೂರು ಮೈಸೂರು) ತಡೆಯಾಜ್ಞೆ ನಿರಾಕರಿಸಿದರು. ಕಂಪನಿಯ ನಷ್ಟವನ್ನು ಹಣದಿಂದ ತುಂಬಬಹುದು, ಔಷಧ ಸಿಗದ ರೋಗಿಯ ನಷ್ಟವನ್ನಲ್ಲ ಎಂಬುದು ಆದೇಶದ ಸಾರ. ಸಿಪ್ಲಾ ಮಾರಾಟದ ಲೆಕ್ಕ ಇಡಬೇಕೆಂದೂ ಹೇಳಿದರು. 2009ರಲ್ಲಿ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು.

2015ರಲ್ಲಿ ಅದೇ ಹೈಕೋರ್ಟು, ಸಿಪ್ಲಾ ಪೇಟೆಂಟ್ ಉಲ್ಲಂಘಿಸಿದೆ ಎಂದಿತು. ಪೇಟೆಂಟಿನ ಅವಧಿಗೆ ಕೆಲವೇ ತಿಂಗಳು ಉಳಿದಿದ್ದರಿಂದ ಮಾರಾಟವನ್ನು ಮಾತ್ರ ತಡೆಯಲಿಲ್ಲ. ಆ ತೀರ್ಪು ತಪ್ಪೆನ್ನಲಾರೆ, ಸಂಶೋಧನೆಗೂ ಬೆಲೆಯುಂಟು.

ಆ ಹೊತ್ತಿಗೆ ಅಣ್ಣ ಹೋಗಿ ಆರು ವರ್ಷ ದಾಟಿತ್ತು. ಮಾತ್ರೆ ನುಂಗಿ ಅವನು ಬದುಕಿದ್ದು ಹದಿನಾಲ್ಕು ತಿಂಗಳು. ಅಷ್ಟರಲ್ಲಿ ಮಗಳ ಧಾರೆ ಎರೆದ.

ಈಗಲೂ ತಡೆಯಾಜ್ಞೆಯ ಅರ್ಜಿ ಟೈಪು ಮಾಡುತ್ತೇನೆ. ‘ತುಂಬಲಾರದ ನಷ್ಟ’ ಬಂದಾಗ ಬೆರಳು ಒಂದು ಗಳಿಗೆ ನಿಲ್ಲುತ್ತದೆ.