ಚಿಕ್ಕಮ್ಮ ತೇರಿಗೆ ಬಾರದ ಮೂರು ವರ್ಷ

ನಮ್ಮ ಚಿಕ್ಕಮ್ಮ ಮೂರು ವರ್ಷ ತೇರಿಗೆ ಬರಲಿಲ್ಲ. ಮಂಡಿ ನೋವು ಅಂದುಕೊಂಡಿದ್ದೆವು. ಮಂಡಿ ತೋರಿಸಲೆಂದೇ ಆಸ್ಪತ್ರೆಗೆ ಕರೆದೊಯ್ದಾಗ, ಸಾಲಿನಲ್ಲಿ ನಿಂತಿದ್ದವರು ಒಮ್ಮೆ ಕೆಮ್ಮಿ ಗೋಡೆಗೆ ಒರಗಿ ನಿಂತುಬಿಟ್ಟರು. "ಕೆಮ್ಮಿದ್ರೆ, ಕೊಡ ಎತ್ತಿದ್ರೆ ಸೀರೆ ಒದ್ದೆ ಆಗುತ್ತೆ ಕಣೇ. ಬಸ್ಸಲ್ಲಿ ಹೆಂಗೆ ಕೂರ್ಲಿ?" ಬಾಯಾರಿದರೂ ನೀರು ಕುಡಿಯುತ್ತಿರಲಿಲ್ಲವಂತೆ. ಊರೂರಿನ ಸುದ್ದಿ ಬರೆಯುವ ನಮಗೆ ಮನೆಯೊಳಗಿನದು ಗೊತ್ತಿರಲಿಲ್ಲ.

ಸ್ಕ್ಯಾನಿಂಗ್ ಎಂದಾಗ ಹೆದರಿದರು. ಡಾಕ್ಟರಮ್ಮ ಒಳಗೇನೂ ಹಾಕದೆ ಹೊರಗಿನಿಂದಲೇ ಒತ್ತಿ ಹಿಡಿದು "ಕೆಮ್ಮಿ ಅಮ್ಮಾ" ಎಂದರಂತೆ. ಆಗ ಮೂತ್ರಚೀಲದ ಕುತ್ತಿಗೆ ಎಷ್ಟು ಕೆಳಗೆ ಜಾರುತ್ತದೆ ಎಂಬುದು ಪರದೆಯ ಮೇಲೆ ಕಾಣುತ್ತದೆ. ಹೆರಿಗೆಗಳಲ್ಲಿ ಸಡಿಲವಾದ ಸ್ನಾಯುಗಳು ಅದನ್ನು ಹಿಡಿದು ನಿಲ್ಲಿಸುವುದಿಲ್ಲ. ಆದರೆ ಜಾರಿದ ಅಳತೆ ನೋಡಿ ಬದುಕಿನ ಕಷ್ಟ ಎಷ್ಟೆಂದು ಹೇಳಲಾಗದು. ಕಡಿಮೆ ಜಾರಿದವರೂ ಮನೆ ಬಿಟ್ಟು ಹೊರಡದಿರಬಹುದು. ಅದಕ್ಕೇ, ನಗೋಕೆ ಅಂಜಿಕೆಯಾ, ನೆಂಟರ ಮನೆಗೆ ಹೋಗ್ತೀರಾ ಎಂದೂ ಕೇಳಿದರು. ಚಿಕ್ಕಮ್ಮ ಅತ್ತದ್ದು ಅಲ್ಲಿ.

ಹೇಳಿಕೊಟ್ಟದ್ದು ವ್ಯಾಯಾಮ: ಮೂತ್ರ ತಡೆಯುವಾಗ ಬಿಗಿಯಾಗುವ ಸ್ನಾಯುವನ್ನು ಬಿಗಿಹಿಡಿದು ಬಿಡುವುದು, ಒಂದು ಸಲಕ್ಕೆ 8 ಬಾರಿ, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ದುಡ್ಡಿಲ್ಲ, ಗುಳಿಗೆಯಿಲ್ಲ. ಸಾಲದಿದ್ದರೆ ಆಪರೇಷನ್ನೂ ಇದೆ.

ಪೂರ್ತಿ ನಿಂತಿಲ್ಲ. ಈ ಸಲ ತೇರಿಗೆ ಬಂದರು, ಬಸ್ಸಿನ ಬಾಗಿಲ ಪಕ್ಕದ ಸೀಟು ಹಿಡಿದು. ದಾರಿಯಲ್ಲಿ ಒಂದು ಲೋಟ ಮಜ್ಜಿಗೆಯನ್ನೂ ಕುಡಿದರು.